ಜಮಖಾನದ ಮೇಲಿನ ಕಿಷ್ಕಿಂಧೆ

ಆಷಾಢದ ಮಳೆ ಗೋಣಿಬೀಡಿನ ಸೀಮೆಗೆ ಇಳಿಯಿತೆಂದರೆ ಅದು ಮತ್ತೆ ಏಳುವ ದಿನವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಹೆಂಚಿನ ಮೇಲೆ ಹಗಲಿರುಳೂ ಒಂದೇ ಶ್ರುತಿ. ಮೂಡಿಗೆರೆ ತಾಲ್ಲೂಕಿನಲ್ಲಿಯೇ ಹುಟ್ಟುವ ಹೇಮಾವತಿ ಕೆಂಪಾಗಿ ಹರಿಯುತ್ತದೆ. ತೋಟಕ್ಕೆ ಕಾಲಿಟ್ಟವನ ಹಿಮ್ಮಡಿಯನ್ನು ಇಂಬಳಗಳು ಹುಡುಕಿಕೊಂಡು ಬರುತ್ತವೆ. ಬಚ್ಚಲ ಒಲೆಯ ಮೇಲಕ್ಕೆ ಕಟ್ಟಿದ ಹಗ್ಗದಲ್ಲಿ ಮನೆಮಂದಿಯ ಬಟ್ಟೆಗಳು ಹೊಗೆಯ ವಾಸನೆಯನ್ನು ಮೆತ್ತಿಕೊಂಡು ಒಣಗುವ ಪ್ರಯತ್ನ ನಡೆಸಿರುತ್ತವೆ. ಇಂಥ ಕಾಲದಲ್ಲಿ ಹುಟ್ಟಿದವರ ವರ್ಧಂತಿಯನ್ನು ಆಚರಿಸುವುದೇ ಒಂದು ಸಮಸ್ಯೆ. ಚಪ್ಪರ ಹಾಕುವಂತಿಲ್ಲ, ನೆಂಟರು ಬರುವಂತಿಲ್ಲ, ವಿದ್ಯುದ್ದೀಪ ಸಂಜೆಯವರೆಗೆ ಉಳಿದರೆ ಅದೇ ಪುಣ್ಯ.

ಗೋಣಿಬೀಡಿನ ಆಸುಪಾಸಿನ ಇಂಥದೊಂದು ತೋಟದ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಊರು ನಿಜ, ಮಳೆ ನಿಜ, ಮುಂದೆ ಬರುವ ಕಲಾವಿದರೂ ಕಟ್ಟಳೆಗಳೂ ನಿಜ. ಮನೆಯವರು ಮಾತ್ರ ಕಲ್ಪನೆಯವರು. ಎಪ್ಪತ್ತೆಂಟು ವರ್ಷದ ಅಜ್ಜ. ಅವರಿಗಿಂತ ಆರು ವರ್ಷ ಚಿಕ್ಕವರಾದ ಅಜ್ಜಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ, ಅವನ ಹೆಂಡತಿ. ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ, ಶಾಲೆಗೆ ಹೋಗುವ ಮೊಮ್ಮಗಳು. ಮೊಮ್ಮಗನಿಗೆ ಈ ಸಲ ಹತ್ತೊಂಬತ್ತು ತುಂಬುವ ದಿನ ಆಷಾಢದಲ್ಲಿ ಬಿದ್ದಿದೆ. ತಂದೆಗೂ ಅಜ್ಜನಿಗೂ ಮೂರು ವರ್ಷಗಳಿಂದ ಫೋನಿನಲ್ಲಿ ಮಳೆ ಎಷ್ಟಾಯಿತು, ಕಾಳುಮೆಣಸಿಗೆ ಬೆಲೆ ಏನಿದೆ ಎಂಬೆರಡು ಮಾತನ್ನು ಬಿಟ್ಟರೆ ಮೂರನೆಯ ಮಾತು ನಡೆದಿಲ್ಲ. ತೋಟವನ್ನು ಮುಂದೆ ಯಾರು ನೋಡಿಕೊಳ್ಳಬೇಕು ಎಂಬುದೇ ಆ ಮೂರನೆಯ ಮಾತು.

ಹುಡುಗನ ಯೋಜನೆ ಬೇರೆಯೇ ಇತ್ತು. ಅವನೂ ಅವನ ನಾಲ್ವರು ಗೆಳೆಯರೂ ಬೆಂಗಳೂರಿನಲ್ಲಿ ಶನಿವಾರದ ರಾತ್ರಿಗಳಲ್ಲಿ ಒಂದು ಆಟ ಆಡುತ್ತಾರೆ. ಮೇಜಿನ ಸುತ್ತ ಕುಳಿತು ಒಬ್ಬ ಕಥೆ ನಡೆಸುತ್ತಾನೆ. ಉಳಿದವರಲ್ಲಿ ಒಬ್ಬ ಯೋಧನಾಗುತ್ತಾನೆ, ಒಬ್ಬ ಮಾಂತ್ರಿಕನಾಗುತ್ತಾನೆ, ಒಬ್ಬ ಕಳ್ಳನಾಗುತ್ತಾನೆ. ತಮ್ಮ ತಮ್ಮ ಪಾತ್ರವೇ ತಾವಾಗಿ ಮಾತಾಡುತ್ತಾ ನೆಲಮಾಳಿಗೆಗಳನ್ನು ಹೊಕ್ಕು ನಿಧಿಯನ್ನೋ ಸಾವನ್ನೋ ಕಾಣುತ್ತಾರೆ. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ (1938–2008) ಮತ್ತು ಅವನ ಜೊತೆಗಾರ ಡೇವ್ ಆರ್ನೆಸನ್ (1947–2009) ಇಬ್ಬರೂ ಸೇರಿ 1974ರಲ್ಲಿ ಹೊರತಂದದ್ದು. ಒಂದು ಪುಟ್ಟ ಪೆಟ್ಟಿಗೆ, ಒಳಗೆ 3 ಕಿರುಹೊತ್ತಿಗೆಗಳು. ಮೊದಲ ಮುದ್ರಣ 1,000 ಪ್ರತಿ. ಅಲ್ಲಿಂದೀಚೆಗೆ ನಿಯಮಗಳು ಹಲವು ಸಲ ತಿದ್ದುಪಡಿಯಾಗಿ, ಕಿರುಹೊತ್ತಿಗೆಗಳು ದಪ್ಪ ಗ್ರಂಥಗಳಾಗಿವೆ. ಆದರೂ 1974ರ ಹಳೆಯ ಕಟ್ಟಳೆಯಲ್ಲಿಯೇ ಆಡಬೇಕೆಂದು ಹಟ ಹಿಡಿಯುವವರು ಇಂದು ಲೋಕದಾದ್ಯಂತ ಇದ್ದಾರೆ. ಹಳೆಯ ಹೊತ್ತಿಗೆಯಲ್ಲಿ ನಿಯಮ ಕಡಿಮೆ. ಅದು ಹೇಳದೆ ಬಿಟ್ಟದ್ದನ್ನು ಆಟ ನಡೆಸುವವನು ತನ್ನ ವಿವೇಕದಿಂದ ಅಲ್ಲಲ್ಲಿಯೇ ತೀರ್ಮಾನಿಸಬೇಕು. ಅದೇ ಅದರ ರುಚಿ ಎನ್ನುತ್ತಾರೆ ಬಲ್ಲವರು. ಹುಟ್ಟುಹಬ್ಬದ ಇರುಳನ್ನು ಹಾಗೆ ಹಳೆಯ ಕಟ್ಟಳೆಯ ಆಟದಲ್ಲಿ ಕಳೆಯಬೇಕೆಂಬುದು ಹುಡುಗನ ಆಸೆ. ಗೆಳೆಯರು ಬೆಂಗಳೂರಿನಿಂದ ಬರುವುದೆಂದೂ ಗೊತ್ತಾಗಿತ್ತು.

ಬರಲಿಲ್ಲ. ರಸ್ತೆಗೆ ಮರ ಬಿತ್ತು, ಬಸ್ಸು ನಿಂತಿತು, ಗೆಳೆಯರು ಹಾಸನದಿಂದಲೇ ಹಿಂದಿರುಗಿದರು. ಹುಡುಗ ಇಪ್ಪತ್ತು ಮುಖದ ದಾಳವೊಂದನ್ನು ಅಂಗೈಯಲ್ಲಿ ಉರುಳಿಸುತ್ತಾ ಜಗಲಿಯಲ್ಲಿ ಕುಳಿತ. ಅಜ್ಜ ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಆಟದ ವಿಚಾರವನ್ನೆಲ್ಲ ಕೇಳಿದರು.

“ಕಥೆ ನಡೆಸುವವನು ಒಬ್ಬ. ಉಳಿದವರು ತಲೆಗೊಂದು ಪಾತ್ರ. ಬಣ್ಣ ಹಚ್ಚುವುದಿಲ್ಲ, ಕುಣಿಯುವುದಿಲ್ಲ. ಕುಳಿತಲ್ಲಿಂದಲೇ ಮಾತು. ಅದೂ ಬರೆದುಕೊಂಡು ಬಂದದ್ದಲ್ಲ. ಅಷ್ಟೇ ತಾನೇ?”

“ಹೌದು ಅಜ್ಜ.”

“ಇದಕ್ಕೆ ಅಮೆರಿಕದಿಂದ ಪೆಟ್ಟಿಗೆ ತರಿಸಿದೆಯಾ ಮಾರಾಯ! ನಮ್ಮ ತಾಳಮದ್ದಳೆ ಮತ್ತೇನು?”

ಅಜ್ಜನ ಮಾತಿನಲ್ಲಿ ಅತಿಶಯೋಕ್ತಿ ಇದ್ದರೂ ಹುರುಳಿಲ್ಲದಿಲ್ಲ. ಯಕ್ಷಗಾನದ ಪ್ರಸಂಗವನ್ನು ವೇಷವಿಲ್ಲದೆ, ನೃತ್ಯವಿಲ್ಲದೆ, ಬರಿಯ ಹಾಡು ಮತ್ತು ಮಾತುಗಳಿಂದ ನಡೆಸುವುದು ತಾಳಮದ್ದಳೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ; ಆ ಪದ್ಯ ಯಾವ ಪಾತ್ರದ್ದೋ ಆ ಪಾತ್ರವನ್ನು ವಹಿಸಿದ ಅರ್ಥಧಾರಿ ಅದರ ಅರ್ಥವನ್ನು ತನ್ನ ಮಾತಿನಲ್ಲಿ ಅಲ್ಲಿಯೇ ಕಟ್ಟಿ ಹೇಳಬೇಕು. ಎದುರಾಳಿ ಪ್ರಶ್ನೆ ಹಾಕಿದರೆ ಉತ್ತರಿಸಬೇಕು. ಉತ್ತರ ಹೊಳೆಯದಿದ್ದರೆ ಸೋತಂತೆ. ಅದನ್ನು ಹೇಳಲು ದಾಳ ಬೇಕಾಗಿಲ್ಲ, ಸಭೆಯ ಮುಖವೇ ಸಾಕು. ತಾಳಮದ್ದಳೆ ಎಂಬ ಹೆಸರು ಬಳ್ಳಾರಿ ಸೀಮೆಯ ಕುರುಗೋಡಿನ ಕಡೆಯ 1556ರ ಒಂದು ಶಾಸನದಲ್ಲಿಯೇ ಕಾಣುತ್ತದೆ. ಅದರವರಿಗೆ ಭೂಮಿಯನ್ನು ದತ್ತಿ ಬಿಟ್ಟ ವಿಷಯ ಅದರಲ್ಲಿದೆ. ಕರಾವಳಿಯಲ್ಲಿ ಮೇಳಗಳು ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿಯ ನಂತರ. ನಡುವಿನ ಮಳೆಗಾಲದಲ್ಲಿ ಬಯಲಿನಲ್ಲಿ ಆಟವಾಡುವುದು ಹೇಗೆ? ಆಗ ಆಟ ಜಗಲಿಗೆ ಬಂದು ಕೂಟವಾಗುತ್ತದೆ. ಚಾರ್ಮಾಡಿಯ ಘಟ್ಟದ ಕೆಳಗೂ ಮೇಲೂ ಮಳೆಗಾಲದ ಇರುಳುಗಳನ್ನು ಸಾಗಿಸಿದ್ದು ಈ ಕೂಟಗಳೇ.

ಎರಡು ಆಟಗಳಿಗೂ ಒಂದು ಕಡೆ ಮಾತ್ರ ದೊಡ್ಡ ವ್ಯತ್ಯಾಸ. ಹುಡುಗನ ಆಟದಲ್ಲಿ ಮುಂದೇನಾಗುವುದೋ ಯಾರಿಗೂ ತಿಳಿಯದು. ದಾಳ ಬಿದ್ದಂತೆ ಕಥೆ. ತಾಳಮದ್ದಳೆಯಲ್ಲಿ ಮುಂದೇನಾಗುವುದೆಂಬುದು ಮನೆಯ ಮಗುವಿಗೂ ಗೊತ್ತು. ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ರಾಮನ ಬಾಯಿ ಕಟ್ಟಿಸಲಿ, ಪ್ರಸಂಗದ ಪುಸ್ತಕದಲ್ಲಿ ವಾಲಿ ಸಾಯುತ್ತಾನೆ. ಜಮಖಾನದ ಮೇಲೂ ಸಾಯಲೇಬೇಕು. ವಾದದಲ್ಲಿ ಗೆಲ್ಲಬಹುದು, ಕಥೆಯನ್ನು ಗೆಲ್ಲುವಂತಿಲ್ಲ.

“ಹಾಗಾದರೆ ಆಡುವುದೇಕೆ?” ಎಂದ ಹುಡುಗ.

“ಸಾಯುವುದು ಗೊತ್ತಿದ್ದರೂ ಜನ ಬದುಕುವುದಿಲ್ಲವೇನೋ? ದಾಳದ ಕೈಗೆ ಕಥೆಯನ್ನು ಕೊಟ್ಟವರ ಪಾಡು ಏನಾಯಿತೆಂದು ಧರ್ಮರಾಯನನ್ನು ಕೇಳು” ಎಂದು ಅಜ್ಜ ನಕ್ಕರು. ಹೀಗೆ ಹುಟ್ಟುಹಬ್ಬದ ಇರುಳಿಗೆ ‘ವಾಲಿವಧೆ’ ಗೊತ್ತಾಯಿತು.

ಕೂಟ ನಡೆಸುವ ಮನೆಯವರಿಗೆ ಮೊದಲ ಚಿಂತೆ ಭಾಗವತರದು. ಅರ್ಥಧಾರಿಗಳು ಕೊರೆಯಾದರೆ ಮನೆಯವರೇ ಕುಳಿತುಕೊಳ್ಳಬಹುದು. ಭಾಗವತರಿಲ್ಲದೆ ಕೂಟ ಏಳದು. ಪದ್ಯ ಹಾಡುವುದಷ್ಟೇ ಅವರ ಕೆಲಸವಲ್ಲ. ಯಾವ ಪದ್ಯವನ್ನು ಎತ್ತಬೇಕು, ಯಾವುದನ್ನು ಬಿಡಬೇಕು, ಮಾತು ಹಳಿ ತಪ್ಪಿದಾಗ ಮುಂದಿನ ಪದ್ಯವನ್ನು ಎತ್ತಿ ಅದನ್ನು ಹೇಗೆ ಕತ್ತರಿಸಬೇಕು ಎಂಬುದೆಲ್ಲ ಅವರ ಕೈಯಲ್ಲಿ. ಅಮೆರಿಕದ ಆಟದಲ್ಲಿ ಕಥೆ ನಡೆಸುವವನಿಗೆ ಇರುವ ಅಧಿಕಾರವೇ ಇದು; ಇಲ್ಲಿ ಅದಕ್ಕೆ ರಾಗ ತಾಳಗಳು ಕೂಡಿವೆ. ಅದೃಷ್ಟವಶಾತ್ ಆ ಮನೆಗೆ ಎರಡು ಮೈಲಿಯ ಅಂತರದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದರು. ಮೊಣಕಾಲ ಮೇಲಕ್ಕೆ ಪಂಚೆ ಎತ್ತಿ ಕಟ್ಟಿ, ಕೊಡೆ ಹಿಡಿದು, ತಾಳವನ್ನು ಒಳ ಅಂಗಿಯಲ್ಲಿ ಬೆಚ್ಚಗಿಟ್ಟುಕೊಂಡು ಬಂದರು. ಮದ್ದಳೆ ಬಾರಿಸುವವರು ಅವರ ಅಣ್ಣನ ಮಗ.

ಎರಡನೆಯ ಚಿಂತೆ ಮದ್ದಳೆಯದು. ಮಳೆಗಾಲದ ತೇವಕ್ಕೆ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ತಂದ ಮದ್ದಳೆಯನ್ನು ಮೊದಲು ಅಡಿಗೆಮನೆಗೆ ಒಯ್ದು ಒಲೆಯಿಂದ ಮಾರು ದೂರದಲ್ಲಿ ಕೂಸಿನಂತೆ ಮಲಗಿಸಬೇಕು. ಹತ್ತಿರವಾದರೆ ಚರ್ಮ ಸೀಳುತ್ತದೆ, ದೂರವಾದರೆ ಪ್ರಯೋಜನವಿಲ್ಲ. ಅಜ್ಜಿ ಹಲಸಿನ ಹಪ್ಪಳವನ್ನು ಕೆಂಡದ ಮೇಲೆ ಸುಡುತ್ತಾ, ಇನ್ನೊಂದು ಕೈಯಿಂದ ಮದ್ದಳೆಯನ್ನು ಆಗಾಗ ಮಗ್ಗುಲು ತಿರುಗಿಸುತ್ತಿದ್ದರು. ಐವತ್ತು ವರ್ಷಗಳಿಂದ ಈ ಮನೆಯಲ್ಲಿ ನಡೆದ ಕೂಟಗಳಿಗೆಲ್ಲ ಮದ್ದಳೆ ಕಾಯಿಸಿದ್ದು ಅವರೇ. ಅವುಗಳಲ್ಲಿ ಒಂದರಲ್ಲಿಯೂ ಅವರು ಜಮಖಾನದ ಮೇಲೆ ಕುಳಿತವರಲ್ಲ. ಬಾಗಿಲ ಮರೆಯೇ ಅವರ ಆಸನ.

ಹಳೆಯ ಕಟ್ಟಳೆ ಎಂದೊಡನೆ ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಇದು ಒಂದು ನಿದರ್ಶನ. ಒಂದು ಕಾಲಕ್ಕೆ ಕೂಟ ಗಂಡಸರದು. ಈಗ ಹೆಂಗಸರು ಅರ್ಥ ಹೇಳುತ್ತಾರೆ, ಹೆಂಗಸರದೇ ತಾಳಮದ್ದಳೆಯ ತಂಡಗಳು ಇವೆ, ಕೇಳುವವರು ಕೇಳುತ್ತಾರೆ. ಕಲೆಗೆ ಕುಂದೇನೂ ಬಂದಿಲ್ಲ. ಆದುದರಿಂದ ಆ ಇರುಳು ತಾರೆಯ ಪಾತ್ರ ಮೊಮ್ಮಗಳಿಗೆ ಬಂದಿತು. ಅಜ್ಜ ವಾಲಿ, ಅದರಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ. ಹುಟ್ಟುಹಬ್ಬದವನು ರಾಮ. ತಂದೆಯನ್ನು ಎಳೆದು ತಂದು ಸುಗ್ರೀವನ ಜಾಗದಲ್ಲಿ ಕೂರಿಸಿದರು. “ನಾನು ಕೇಳುವುದಕ್ಕೆ ಕುಳಿತಿರುತ್ತೇನೆ” ಎಂದು ಅವನು ಎರಡು ಸಲ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಉಳಿದ ಕಟ್ಟಳೆಗಳನ್ನು ಭಾಗವತರು ಹುಡುಗನಿಗೆ ಹೇಳಿಕೊಟ್ಟರು. ಕೈಯಲ್ಲಿ ಚೀಟಿ ಇರಕೂಡದು. ಎದುರಾಳಿ ಹಾಕಿದ ಪ್ರಶ್ನೆಗೆ ಉತ್ತರ ಕೊಡದೆ ಬೇರೆ ಮಾತಿಗೆ ಹಾರಕೂಡದು. ಪಾತ್ರಕ್ಕೆ ಆ ಹೊತ್ತಿನಲ್ಲಿ ತಿಳಿದಿರದ ಸಂಗತಿಯನ್ನು ಆಡಕೂಡದು. ಕಿಷ್ಕಿಂಧೆಯಲ್ಲಿ ನಿಂತ ರಾಮನಿಗೆ ಸೀತೆ ಅಶೋಕವನದಲ್ಲಿರುವಳೆಂಬುದು ಇನ್ನೂ ಗೊತ್ತಿಲ್ಲ, ಬಾಯಿ ತಪ್ಪಿಯೂ ಅದು ಬರಬಾರದು. ಎದುರಿಗೆ ಕುಳಿತವರು ಅಜ್ಜನೆಂಬುದನ್ನು ಮರೆಯಬೇಕು. ಅವರು ವಾಲಿ, ಅವರನ್ನು ಏಕವಚನದಲ್ಲಿಯೇ ಕರೆಯಬೇಕು. ಹುಡುಗ ಇದನ್ನು ಕೇಳಿ ಬೆವರಿದ. ಕೊನೆಯ ಕಟ್ಟಳೆಯೊಂದು ಉಳಿದಿತ್ತು.

“ಇಂಗ್ಲಿಷಿನ ಒಂದು ಶಬ್ದವೂ ಬರಕೂಡದು.”

“ಒಂದೂ?”

“ಒಂದೂ.”

ಯಕ್ಷಗಾನದ ಬೇರೆ ಯಾವ ಗುಣವನ್ನು ಹೊಗಳಿದರೂ ಹೊಗಳದಿದ್ದರೂ ಈ ಒಂದು ಗುಣಕ್ಕೆ ನಗರದ ಗೃಹಸ್ಥರು ತಲೆದೂಗಬೇಕು. ಇಡಿಯ ಇರುಳು ನಡೆಯುವ ವಾದ, ತತ್ತ್ವ, ಹಾಸ್ಯ, ಜಗಳ, ವಿಲಾಪ, ಇಷ್ಟರಲ್ಲಿಯೂ ಪರಭಾಷೆಯ ಒಂದು ಪದ ನುಸುಳದು. ಅರ್ಥಧಾರಿಗಳಲ್ಲಿ ಬಹುಮಂದಿಗೆ ಮನೆಯಲ್ಲಿ ಆಡುವ ಮಾತು ತುಳು, ಕೊಂಕಣಿ ಅಥವಾ ಮಲೆಯಾಳ ಎಂಬುದನ್ನು ನೆನೆದರೆ ಇದು ಇನ್ನೂ ದೊಡ್ಡ ಸಂಗತಿ. ಕಾಸರಗೋಡು ಸೀಮೆಯ ಕುಂಬಳೆ ಸುಂದರರಾಯರ (1934–2022) ಮನೆಮಾತು ಮಲೆಯಾಳ; ಶಾಲೆಯ ಓದೂ ಹೆಚ್ಚಿನದಲ್ಲ. ಪ್ರಾಸದ ಮೇಲೆ ಪ್ರಾಸ ಜೋಡಿಸಿ ಅವರು ಆಡುತ್ತಿದ್ದ ಕನ್ನಡವನ್ನು ಕೇಳಲು ಜನ ಊರೂರಿನಿಂದ ಬರುತ್ತಿದ್ದರು. 1994ರಲ್ಲಿ ಸುರತ್ಕಲ್ ಕ್ಷೇತ್ರದ ಮತದಾರರು ಅವರನ್ನು ವಿಧಾನಸಭೆಗೂ ಕಳುಹಿಸಿದರು. ಮಲ್ಪೆಯ ಸಾಮಗ ಸಹೋದರರಾದ ಶಂಕರನಾರಾಯಣ ಸಾಮಗರು ಮತ್ತು ರಾಮದಾಸ ಸಾಮಗರು, ವಾಲಿ ರಾವಣ ಮಾಗಧರ ಪಾತ್ರಗಳಿಗೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಇವರೆಲ್ಲ ಮಾತನ್ನೇ ಆಯುಧವಾಗಿ ಹಿಡಿದು ಬಾಳಿದವರು. ಶೇಣಿಯವರ ವಾಲಿ ಮಾತಿಗೆ ನಿಂತರೆ ರಾಮನ ಪಾತ್ರ ವಹಿಸಿದವರಿಗೆ ಕಷ್ಟಕಾಲ. ಇಂಥವರ ಕೂಟದ ಧ್ವನಿಮುದ್ರಣಗಳು ಇಂದಿಗೂ ಸಿಗುತ್ತವೆ. ಹುಡುಗರಿಗೆ ಕೇಳಿಸಿದರೆ ನಷ್ಟವಿಲ್ಲ.

ರಾತ್ರಿ ಎಂಟಕ್ಕೆ ಪತ್ರೊಡೆಯ ಊಟ ಮುಗಿಯಿತು. ವಿದ್ಯುತ್ತು ಹೋದುದರಿಂದ ದೀಪಕ್ಕೆ ಬೇರೆ ಏರ್ಪಾಟು ಬೇಕಾಗಲಿಲ್ಲ. ಎರಡು ಲಾಟೀನು, ನಡುವೆ ಒಂದು ಕಾಲುದೀಪ. ಜಮಖಾನದ ತಲೆಯ ಕಡೆ ಭಾಗವತರು ಮತ್ತು ಮದ್ದಳೆಯವರು. ಎದುರುಬದುರಾಗಿ ಒಂದು ಸಾಲಿನಲ್ಲಿ ರಾಮ ಸುಗ್ರೀವರು, ಇನ್ನೊಂದರಲ್ಲಿ ವಾಲಿ ತಾರೆಯರು. ಕೇಳುವವರು ತೋಟದ ಲೈನಿನ ನಾಲ್ಕಾರು ಮಂದಿ, ಪಕ್ಕದ ಮನೆಯ ದಂಪತಿಗಳು, ಹಾಗೂ ಸೊಸೆ. ಗಣಪತಿಯ ಸ್ತುತಿಯಾಯಿತು.

ಮೊದಲ ಅರ್ಧ ಗಂಟೆ ಹೇಳಿಕೊಳ್ಳುವಂತಿರಲಿಲ್ಲ. ಸುಗ್ರೀವನಾದ ತಂದೆ ಕಚೇರಿಯ ವರದಿಯನ್ನು ಒಪ್ಪಿಸುವಂತೆ ತನ್ನ ಕಷ್ಟವನ್ನು ಹೇಳಿದ. ರಾಮ ಎರಡೆರಡು ವಾಕ್ಯಗಳಲ್ಲಿ ಅಭಯವಿತ್ತ. ಮೊದಲ ಕಾಳಗದಲ್ಲಿ ಸುಗ್ರೀವ ಪೆಟ್ಟು ತಿಂದು ಓಡಿ ಬಂದು, ಕೊರಳಿಗೆ ಹೂಮಾಲೆ ಹಾಕಿಸಿಕೊಂಡು ಮತ್ತೆ ವಾಲಿಯನ್ನು ಕೂಗಿದಾಗ ಸಭೆ ಸ್ವಲ್ಪ ನಕ್ಕಿತು. ಆಗ ತಾರೆಯ ಸರದಿ. ಒಮ್ಮೆ ಸೋತು ಓಡಿದವನು ಇಷ್ಟು ಬೇಗ ಮತ್ತೆ ಬಂದು ಕೂಗುತ್ತಿದ್ದಾನೆಂದರೆ ಅವನ ಬೆನ್ನ ಹಿಂದೆ ಯಾರೋ ಇದ್ದಾರೆ, ಹೋಗಬೇಡ ಎಂದು ಗಂಡನನ್ನು ತಡೆಯುವ ಸಂದರ್ಭ. ಮೊಮ್ಮಗಳು ಅಷ್ಟನ್ನು ಹೇಳಿದಳು. ವಾಲಿ, “ಹೆಂಗಸು ಅಂಜಿದಳೆಂದು ಗಂಡಸು ಮನೆಯಲ್ಲಿ ಕುಳಿತರೆ ಲೋಕ ಏನೆಂದೀತು?” ಎಂದು ಕೇಳಿದಾಗ ಅವಳ ಮಾತು ನಿಂತಿತು. ಹುಡುಗಿ ತಲೆ ತಗ್ಗಿಸಿದಳು. ಮದ್ದಳೆಯವರು ಮೆಲ್ಲಗೆ ಎರಡು ಪೆಟ್ಟು ಹಾಕಿ ಕಾದರು.

“ಲೋಕದ ಮಾತಿಗೆ ಅಂಜಿ ಹೊರಡುವವನು ನೀನು. ನಾನು ಅಂಜಿದೆನೆಂದು ಹೇಗೆ ಹೇಳುತ್ತೀ?” ಎಂಬ ಮಾತು ಅಡಿಗೆಮನೆಯ ಬಾಗಿಲ ಕಡೆಯಿಂದ ಬಂದಿತು. “ಹಿಂದಿನ ಸಲ ನೀನು ಬಿಲದೊಳಗೆ ಹೋದಾಗ ವರ್ಷಗಟ್ಟಲೆ ಬಾಗಿಲು ನೋಡಿಕೊಂಡು ಕುಳಿತವಳು ನಾನು. ಕಾಯುವವರಿಗೆ ಗೊತ್ತಿರುವುದು ಹೋಗುವವರಿಗೆ ಗೊತ್ತಿರುವುದಿಲ್ಲ.”

ಅಜ್ಜಿಯ ಕೈಯಲ್ಲಿ ಕಾಫಿಯ ಲೋಟಗಳ ತಟ್ಟೆ ಇತ್ತು. ಅವರು ಅದನ್ನು ಕೆಳಗಿಡಲಿಲ್ಲ, ಜಮಖಾನದ ಬಳಿಗೂ ಬರಲಿಲ್ಲ. ವಾಲಿ ಒಂದು ಗಳಿಗೆ ಸುಮ್ಮನಿದ್ದು, “ಸರಿ. ಆದರೂ ಹೋಗಲೇಬೇಕು, ಪದ್ಯ ಹಾಗಿದೆ” ಎಂದುಬಿಟ್ಟರು. ಅದು ಕಟ್ಟಳೆಗೆ ವಿರೋಧವಾದ ಮಾತು. ಆದರೆ ಭಾಗವತರೇ ನಗುತ್ತಿದ್ದುದರಿಂದ ಆಕ್ಷೇಪಿಸುವವರಿರಲಿಲ್ಲ.

ಬಾಣ ಬಿತ್ತು. ವಾಲಿ ನೆಲಕ್ಕೊರಗಿದ. ಇನ್ನು ಪ್ರಸಂಗದ ತಿರುಳು.

ವಾಲಿಯ ಪ್ರಶ್ನೆಗಳು ವಾಲ್ಮೀಕಿಯ ಕಾಲದಿಂದ ಬಂದವು. ನಾನು ಬೇರೊಬ್ಬನೊಡನೆ ಕಾದುತ್ತಿದ್ದೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷಾತ್ರ? ನಿನ್ನ ರಾಜ್ಯಕ್ಕೆ ನಾನೇನು ಕೇಡು ಮಾಡಿದ್ದೆ? ಕಪಿಯ ಮಾಂಸ ತಿನ್ನುವಂಥದಲ್ಲ, ತೊಗಲು ಉಡುವಂಥದಲ್ಲ. ಬೇಟೆ ಎಂದೂ ಹೇಳಲಾರೆ. ಹೆಂಡತಿಯನ್ನು ಹುಡುಕಿಸಬೇಕಾಗಿದ್ದರೆ ರಾವಣನನ್ನು ಕಂಕುಳಲ್ಲಿ ಅದುಮಿದ ನನ್ನನ್ನು ಕೇಳಬಾರದಿತ್ತೇ? ಅಜ್ಜನ ದನಿ ಲಾಟೀನಿನ ಬೆಳಕಿನಲ್ಲಿ ಹತ್ತು ವರ್ಷ ಕಿರಿದಾಗಿತ್ತು.

ರಾಮನಿಗೂ ಉತ್ತರಗಳುಂಟು, ಅವೂ ವಾಲ್ಮೀಕಿಯವೇ. ಭೂಮಿಯೆಲ್ಲ ಇಕ್ಷ್ವಾಕುಗಳದು, ಭರತ ಆಳುತ್ತಿದ್ದಾನೆ, ಅವನ ಪರವಾಗಿ ಅಧರ್ಮವನ್ನು ದಂಡಿಸುವುದು ತನಗೆ ಕರ್ತವ್ಯ. ತಮ್ಮನು ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ವಾಲಿ ಇಟ್ಟುಕೊಂಡದ್ದು ಮಗಳನ್ನು ಇಟ್ಟುಕೊಂಡಷ್ಟೇ ಪಾಪ. ಹುಡುಗ ಮಧ್ಯಾಹ್ನವೆಲ್ಲ ಭಾಗವತರಿಂದ ಕೇಳಿ ತಿಳಿದಿದ್ದ. ಮೊದಮೊದಲು ತಡವರಿಸಿದರೂ ಆಮೇಲೆ ಬಿಸಿಯೇರಿ, “ಎಲವೋ ವಾಲಿ, ಸುಗ್ರೀವನಿಗೆ ಸಪೋರ್ಟ್ ಮಾಡುತ್ತೇನೆಂದು ಮಾತು ಕೊಟ್ಟ ಮೇಲೆ” ಎಂದವನು ನಾಲಿಗೆ ಕಚ್ಚಿಕೊಂಡ.

ವಾಲಿ ಸಾಯುತ್ತಿದ್ದವನು ಮೊಣಕೈ ಊರಿ ಎದ್ದ. “ನಿಲ್ಲು ರಾಘವ. ನಳನನ್ನು ಬಲ್ಲೆ, ನೀಲನನ್ನು ಬಲ್ಲೆ, ಜಾಂಬವಂತನನ್ನು ಬಲ್ಲೆ. ಈ ಸಪೋರ್ಟನೆಂಬ ಕಪಿ ಯಾವ ಬೆಟ್ಟದವನು? ನನ್ನ ಸೈನ್ಯದಲ್ಲಿ ಇವನ ಹೆಸರು ಕೇಳಿಲ್ಲವಲ್ಲ!”

ಲೈನಿನವರು ಬಿದ್ದು ಬಿದ್ದು ನಕ್ಕರು. ಹುಡುಗನ ಕಿವಿ ಕೆಂಪಾಯಿತು. ಆದರೆ ಅದರಿಂದ ಒಂದು ಉಪಕಾರವಾಯಿತು. ಆ ನಗುವಿನ ನಂತರ ಅವನು ಕಲಿತ ಮಾತುಗಳನ್ನು ಬಿಟ್ಟು ತನ್ನ ಮಾತನ್ನು ಹುಡುಕಲು ತೊಡಗಿದ. ವಾಲಿ ಕೇಳಿದ: “ತಪ್ಪು ಮಾಡಿದೆನೆಂದೇ ಇಟ್ಟುಕೋ. ದಂಡಿಸುವ ಅರಸು ಮೊದಲು ಕರೆಸಿ ಕೇಳಬೇಡವೇ? ನೀನು ನನ್ನನ್ನು ಒಂದು ಮಾತು ಕೇಳಿದೆಯಾ?”

ಹುಡುಗ ಬಹಳ ಹೊತ್ತು ಯೋಚಿಸಿದ. ಭಾಗವತರ ಬೆರಳು ತಾಳದ ಮೇಲೆಯೇ ಇತ್ತು. ಅವರು ಪದ್ಯ ಎತ್ತಲಿಲ್ಲ. ಮಳೆ ಜೋರಾಯಿತು.

“ಕರೆದಿದ್ದರೆ ಬರುತ್ತಿದ್ದೆಯಾ?” ಎಂದ ರಾಮ. “ನಿನ್ನ ಬಾಗಿಲಿನಲ್ಲಿ ನಿಂತು ಕರೆದವನು ಪರನಲ್ಲ, ನಿನ್ನ ಒಡಹುಟ್ಟಿದವನು. ಬಿಲದ ಬಾಯಿಗೆ ಬಂಡೆ ಮುಚ್ಚಿದ್ದು ಏಕೆಂದು ಹೇಳಲು ಅವನು ಎಷ್ಟು ಸಲ ಬಂದ! ಒಂದು ಸಲವಾದರೂ ಕುಳಿತು ಕೇಳಿದೆಯಾ? ಮನೆಯವರ ಮಾತು ಕೇಳದ ಕಿವಿ ದಾರಿಹೋಕನ ಮಾತು ಕೇಳುತ್ತದೆಂದು ನಾನು ಹೇಗೆ ನಂಬಲಿ?”

ಸುಗ್ರೀವ ಜಮಖಾನದ ಮಡಿಕೆಯನ್ನು ಸರಿಪಡಿಸತೊಡಗಿದ. ವಾಲಿ ಕೂಡಲೇ ಉತ್ತರ ಕೊಡಲಿಲ್ಲ. ನಲವತ್ತು ವರ್ಷ ಈ ಪಾತ್ರ ಹೇಳಿದವರಿಗೆ ಉತ್ತರ ಹೊಳೆಯಲಿಲ್ಲವೆಂದು ಯಾರೂ ನಂಬಲಾರರು. “ಇದು ಪುಸ್ತಕದಲ್ಲಿಲ್ಲ” ಎಂದು ಮಾತ್ರ ಮೆಲ್ಲಗೆ ಹೇಳಿ, ಭಾಗವತರ ಕಡೆಗೆ ತಿರುಗಿ, ಮುಂದಿನ ಪದ್ಯಕ್ಕೆ ತಲೆಯಾಡಿಸಿದರು.

ಮುಂದಿನದು ವಾಲಿ ತನ್ನ ಮಗ ಅಂಗದನನ್ನೂ ಕಿಷ್ಕಿಂಧೆಯನ್ನೂ ಸುಗ್ರೀವನಿಗೆ ಒಪ್ಪಿಸುವ ಪದ್ಯ. ಇದಕ್ಕೆ ದೀರ್ಘವಾದ ಅರ್ಥ ಹೇಳುವುದು ವಾಡಿಕೆ. ಅಜ್ಜ ದೀರ್ಘವಾಗಿ ಹೇಳಲಿಲ್ಲ. “ತಮ್ಮಾ, ಈ ಊರು ಸುಲಭದ್ದಲ್ಲ. ಕಪಿಗಳು ಹೇಳಿದ ಮಾತು ಕೇಳುವುದಿಲ್ಲ. ಮಳೆ ಬಂದರೆ ನಾಲ್ಕು ತಿಂಗಳು ಹೊರಗೆ ಹೋಗುವಂತಿಲ್ಲ. ನಾನು ಇದನ್ನು ನನ್ನ ರೀತಿಯಲ್ಲಿ ನೋಡಿಕೊಂಡೆ. ನೀನು ನಿನ್ನ ರೀತಿಯಲ್ಲಿ ನೋಡಿಕೋ. ಹಣ್ಣು ಕೆಂಪಾಗುವ ಕಾಲದಲ್ಲಿ ಮಾತ್ರ ಊರು ಬಿಟ್ಟು ಹೋಗಬೇಡ” ಎಂದರು. ಕಾಫಿಯ ಹಣ್ಣು ಕೆಂಪಾಗುವ ಕಾಲ ಯಾವುದೆಂದು ಅಲ್ಲಿ ಕುಳಿತಿದ್ದ ಎಲ್ಲರಿಗೂ ಗೊತ್ತು.

ಸುಗ್ರೀವನಿಗೆ ಇಲ್ಲಿ ಒಂದು ಉತ್ತರದ ಅವಕಾಶವಿದೆ. ತಂದೆ ಬಾಯಿ ತೆರೆದ, ದನಿ ಹೊರಡಲಿಲ್ಲ. ಭಾಗವತರು ಅನುಭವಸ್ಥರು. ಅರ್ಥಕ್ಕೆ ಕಾಯದೆ ಮಂಗಳದ ಪದ್ಯವನ್ನು ಎತ್ತಿದರು.

ನಗರದ ಮನೆಗಳಲ್ಲಿ ಇಂಥ ಇರುಳನ್ನು ಏರ್ಪಡಿಸಲು ಬಯಸುವವರು ಧೈರ್ಯಗೆಡಬೇಕಾಗಿಲ್ಲ. ಇಡೀ ರಾತ್ರಿಯ ಕೂಟಗಳು ಊರುಗಳಲ್ಲಿಯೇ ಅಪರೂಪವಾಗಿ, ಮೂರು ಗಂಟೆಯ ಕಾಲಮಿತಿ ರೂಢಿಗೆ ಬಂದಿದೆ. ಐದು ಮಂದಿ ಸಾಕು. ವಾಲಿವಧೆ, ಅಂಗದ ಸಂಧಾನ, ಕೃಷ್ಣ ಸಂಧಾನ, ಇವುಗಳಲ್ಲಿ ಯಾವುದಾದರೂ ಆದೀತು. ಕಾಳಗಕ್ಕಿಂತ ವಾದ ಹೆಚ್ಚಿರುವ ಪ್ರಸಂಗವನ್ನು ಆರಿಸಿಕೊಳ್ಳಬೇಕು. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಅಚ್ಚಾಗಿವೆ. ಬೆಂಗಳೂರಿನಲ್ಲಿ ಹವ್ಯಾಸಿ ಭಾಗವತರು ಸಿಗುವುದು ಕಷ್ಟವಲ್ಲ. ಸಿಗದಿದ್ದರೆ ಮನೆಯಲ್ಲಿ ಕಂಠವಿದ್ದವರೊಬ್ಬರು ಪದ್ಯವನ್ನು ರಾಗವಾಗಿ ಓದಿದರೂ ಕೆಲಸ ನಡೆಯುತ್ತದೆ. ಚೆಂಡೆಯನ್ನು ಬಿಡುವುದು ಕ್ಷೇಮ; ಮೇಲಿನ ಮಹಡಿಯವರಿಗೂ ನಿದ್ರೆ ಬೇಕು. ಇಂಗ್ಲಿಷ್ ಶಬ್ದ ಆಡಿದವರಿಗೆ ದಂಡ ವಿಧಿಸುವ ಪದ್ಧತಿಗಿಂತ ವಾಲಿಯ ಪದ್ಧತಿಯೇ ಮೇಲು. ಪಾತ್ರ ಹಂಚುವಾಗ ಮನೆಯ ಹಿರಿಯರಿಗೆ ಎದುರಾಗಿ ಕಿರಿಯರನ್ನು ಕೂರಿಸಬೇಕು. ಸೊಸೆಗೆ ಕೃಷ್ಣನ ಪಾತ್ರ ಕೊಟ್ಟು ಅತ್ತೆಯನ್ನು ಕೌರವನನ್ನಾಗಿ ಮಾಡುವುದು ಸರಿಯೇ ಎಂಬುದನ್ನು ಆಯಾ ಮನೆಯವರೇ ನಿರ್ಧರಿಸಿಕೊಳ್ಳತಕ್ಕದ್ದು.

ಗೋಣಿಬೀಡಿನ ಮನೆಯಲ್ಲಿ ಕೂಟ ಮುಗಿದಾಗ ಗಂಟೆ ಎರಡಾಗಿತ್ತು. ಬೆಲ್ಲದ ಕಾಫಿ ಮತ್ತೊಂದು ಸಲ ಬಂದಿತು. ಭಾಗವತರು ಅಲ್ಲಿಯೇ ಮಲಗಿದರು. ಅಜ್ಜಿ ಮದ್ದಳೆಗೆ ಹಳೆಯ ಶಾಲು ಹೊದಿಸಿದರು.

ಬೆಳಿಗ್ಗೆ ರಸ್ತೆಯ ಮರವನ್ನು ಕಡಿದು ಸರಿಸಿದರೆಂದು ಸುದ್ದಿ ಬಂದಿತು. ಮಧ್ಯಾಹ್ನದ ಹೊತ್ತಿಗೆ ಹೊರಡುವುದೆಂದು ಮೊದಲೇ ನಿಶ್ಚಯವಾಗಿದ್ದರೂ, ಕೆಸರಿನಲ್ಲಿ ಕಾರು ಇಳಿಸುವುದು ಬೇಡ, ನಾಳೆ ನೋಡೋಣ ಎಂದ ತಂದೆ. ಕಾರು ಡಾಂಬರು ರಸ್ತೆಯ ಅಂಚಿನಲ್ಲಿಯೇ ನಿಂತಿತ್ತು. ಅಜ್ಜ ಕಂಬಳಿ ಹೊದ್ದು, ಕಾಫಿ ಗಿಡಕ್ಕೆ ಕೊಳೆರೋಗ ತಗುಲಿದೆಯೇ ನೋಡಿಬರುತ್ತೇನೆಂದು ಹೊರಟವರು ಅಂಗಳದ ಮೆಟ್ಟಿಲಿನಲ್ಲಿ ನಿಂತು ಹಿಂದಿರುಗಿ ನೋಡಿದರು. ತಂದೆ ಮೂಲೆಯಲ್ಲಿದ್ದ ಹಳೆಯ ಬೂಟುಗಳನ್ನು ಕೊಡವಿ, ಒಳಗೆ ಏನಾದರೂ ಇದೆಯೇ ಎಂದು ಬಗ್ಗಿ ನೋಡಿ, ಕಾಲಿಗೆ ಹಾಕಿಕೊಳ್ಳುತ್ತಿದ್ದ.

ಹುಡುಗ ಇನ್ನೂ ಎದ್ದಿರಲಿಲ್ಲ. ಅವನ ತಂಗಿ ಇಪ್ಪತ್ತು ಮುಖದ ದಾಳವನ್ನು ಅಜ್ಜಿಯ ಕೈಗೆ ಕೊಟ್ಟು, ಮುಂದಿನ ಕೂಟದಲ್ಲಿ ತಾರೆ ಯಾರೆಂಬುದನ್ನು ಇದರಿಂದಲೇ ತೀರ್ಮಾನಿಸೋಣ ಎನ್ನುತ್ತಿದ್ದಳು. ಅಜ್ಜಿ ದಾಳವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಇದಕ್ಕೆ ತಲೆ ಯಾವುದು, ಬುಡ ಯಾವುದು?” ಎಂದು ಕೇಳಿದರು.